ಇನ್ಸುಲಿನ್, ಮಧುಮೇಹ ಮತ್ತು ರಕ್ತದ ಅಮೈನೊ ಆಮ್ಲಗಳು

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಸ್ರವಿಸುವ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಹಾರ್ಮೋನು ರಕ್ತದ ಅಮೈನೊ ಆಮ್ಲಗಳನ್ನೂ ಇಳಿಸುತ್ತದೆ. ಸ್ನಾಯುಗಳ ಪ್ರೋಟೀನ್ ಕರಗದಂತೆ ತಡೆಯುವುದು, ಅಮೈನೊ ಆಮ್ಲಗಳನ್ನು ಕೋಶಗಳ ಒಳಗೆ ಸೇರಿಸುವುದು, ಹೊಸ ಪ್ರೋಟೀನ್ ಕಟ್ಟಲು ನೆರವಾಗುವುದು ಇವೆಲ್ಲ ಅದರ ಕೆಲಸ. ಆದ್ದರಿಂದ ಇನ್ಸುಲಿನ್ ಇಲ್ಲವಾದಾಗ, ಅಥವಾ ಇದ್ದೂ ಅದರ ಮಾತು ನಡೆಯದಿದ್ದಾಗ, ಅಮೈನೊ ಆಮ್ಲಗಳ ಮಟ್ಟವೂ ಏರುಪೇರಾಗುತ್ತದೆ. ಈ ಏರುಪೇರಿಗೆ ಗುರುತಿಸಬಹುದಾದ ವಿನ್ಯಾಸವಿದೆ. ಒಂದನೇ ಬಗೆಯ ಮಧುಮೇಹದಲ್ಲಿ ಅದು ಒಂದು ರೀತಿ, ಬೊಜ್ಜು ಮತ್ತು ಎರಡನೇ ಬಗೆಯ ಮಧುಮೇಹದಲ್ಲಿ ಇನ್ನೊಂದು ರೀತಿ. ಮಧುಮೇಹ ಸಕ್ಕರೆಯಷ್ಟೇ ಪ್ರೋಟೀನಿನ ಕಾಯಿಲೆಯೂ ಹೌದು ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷಿ.

ಹಿನ್ನೆಲೆ

1889ರಲ್ಲಿ ಆಸ್ಕರ್ ಮಿಂಕೋವ್ಸ್ಕಿ ಮತ್ತು ಯೋಸೆಫ್ ಫಾನ್ ಮೆರಿಂಗ್ ಸ್ಟ್ರಾಸ್‌ಬರ್ಗ್‌ನಲ್ಲಿ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಬಂತು. ಅಂಥ ನಾಯಿಗಳಿಗೆ ಬರೀ ಮಾಂಸ ತಿನ್ನಿಸಿದರೂ, ಏನನ್ನೂ ತಿನ್ನಿಸದಿದ್ದರೂ, ಮೂತ್ರದಲ್ಲಿ ಸಕ್ಕರೆ ಹೋಗುತ್ತಲೇ ಇತ್ತು. ಪ್ರೋಟೀನ್ ಒಡೆದಾಗ ಹೊರಬೀಳುವ ಸಾರಜನಕದ ಪ್ರತಿ 1 ಗ್ರಾಂಗೆ ಸುಮಾರು 2.8 ಗ್ರಾಂ ಸಕ್ಕರೆ ಹೋಗುತ್ತಿರುವುದನ್ನು ಮಿಂಕೋವ್ಸ್ಕಿ ಲೆಕ್ಕ ಹಾಕಿದರು. 1 ಗ್ರಾಂ ಸಾರಜನಕ ಎಂದರೆ ಸುಮಾರು 6.25 ಗ್ರಾಂ ಪ್ರೋಟೀನ್. ಅಂದರೆ ಕರಗಿದ ಪ್ರೋಟೀನಿನ ಹತ್ತಿರ ಹತ್ತಿರ ಅರ್ಧ ಪಾಲು ಸಕ್ಕರೆಯಾಗಿ ಮೂತ್ರದಲ್ಲಿ ಹರಿದು ಹೋಗುತ್ತಿತ್ತು.

ಮನುಷ್ಯರಲ್ಲಿ ಇದರ ಪರಿಣಾಮ ಕಣ್ಣಿಗೇ ಕಾಣುತ್ತಿತ್ತು. 1922ರ ಜನವರಿ 11ರಂದು ಟೊರಾಂಟೊದಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ ಆಗ 14 ವರ್ಷ, ತೂಕ ಸುಮಾರು 29 ಕೆ.ಜಿ. ಅಂದಿನ ಉಪವಾಸ ಚಿಕಿತ್ಸೆಯೂ ಕಾಯಿಲೆಯೂ ಸೇರಿ ಆ ಹುಡುಗನ ಮೈಯ ಮಾಂಸವನ್ನೆಲ್ಲ ಇಳಿಸಿಬಿಟ್ಟಿದ್ದವು. ಅದೇ ತಿಂಗಳ 23ರಿಂದ, ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಮದ್ದು ಸಿಗತೊಡಗಿದ ಮೇಲೆ ಅವನು ಚೇತರಿಸಿಕೊಂಡ. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಜೆ.ಜೆ.ಆರ್. ಮೆಕ್ಲಿಯಾಡ್ ಅವರಿಗೆ 1923ರ ನೊಬೆಲ್ ಪ್ರಶಸ್ತಿ ಬಂತು. ಇನ್ಸುಲಿನ್ ಕೊಟ್ಟಾಗ ಮಕ್ಕಳ ಮೈಗೆ ಮತ್ತೆ ಮಾಂಸ ತುಂಬಿಕೊಳ್ಳುತ್ತಿದ್ದುದನ್ನು ಅಂದಿನ ವೈದ್ಯರು ಕಂಡರು. ಅದರ ಒಳಗುಟ್ಟು ತಿಳಿಯಲು ಅಮೈನೊ ಆಮ್ಲಗಳನ್ನು ಒಂದೊಂದಾಗಿ ಅಳೆಯುವ ವಿಧಾನ ಬೇಕಿತ್ತು. ಸ್ಟ್ಯಾನ್‌ಫೋರ್ಡ್ ಮೂರ್ ಮತ್ತು ವಿಲಿಯಂ ಸ್ಟೈನ್ ರಾಕ್‌ಫೆಲರ್ ಸಂಸ್ಥೆಯಲ್ಲಿ ರೂಪಿಸಿ 1958ರಲ್ಲಿ ಪ್ರಕಟಿಸಿದ ಸ್ವಯಂಚಾಲಿತ ವಿಶ್ಲೇಷಕ ಯಂತ್ರ ಆ ದಾರಿ ತೆರೆಯಿತು. ಈಗ ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಒಂದು ಹನಿ ರಕ್ತದಲ್ಲೇ ಹತ್ತಾರು ಅಮೈನೊ ಆಮ್ಲಗಳನ್ನು ಅಳೆಯಬಹುದು.

ರಕ್ತದಲ್ಲಿ ಎಷ್ಟಿರುತ್ತವೆ?

70 ಕೆ.ಜಿ. ತೂಕದ ವಯಸ್ಕರ ದೇಹದಲ್ಲಿ 10ರಿಂದ 11 ಕೆ.ಜಿ. ಪ್ರೋಟೀನ್ ಇರುತ್ತದೆ. ಅದರಲ್ಲಿ ದಿನಕ್ಕೆ 250ರಿಂದ 300 ಗ್ರಾಂ ಕರಗುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಊಟದಿಂದ ಬರುವ ಪ್ರೋಟೀನ್ ಇದರ ನಾಲ್ಕನೇ ಒಂದು ಭಾಗದಷ್ಟು. ಆದರೆ ಯಾವುದೇ ಗಳಿಗೆಯಲ್ಲಿ ರಕ್ತರಸದಲ್ಲಿ ಬಿಡಿಯಾಗಿ ತೇಲುವ ಅಮೈನೊ ಆಮ್ಲಗಳನ್ನೆಲ್ಲ ಒಟ್ಟುಗೂಡಿಸಿದರೆ 1 ಗ್ರಾಂ ಆಸುಪಾಸು ಮಾತ್ರ. ಇಷ್ಟು ಸಣ್ಣ ಮೊತ್ತದ ಮೂಲಕ ಅಷ್ಟು ದೊಡ್ಡ ವ್ಯವಹಾರ ಸಾಗುವುದರಿಂದ, ಒಳಬರುವ ಅಥವಾ ಹೊರಹೋಗುವ ದಾರಿಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಮಟ್ಟ ಬೇಗ ಬದಲಾಗುತ್ತದೆ.

ರಾತ್ರಿ ಉಪವಾಸದ ನಂತರ ಬೆಳಿಗ್ಗೆ ಅಳೆದರೆ ಎಲ್ಲಕ್ಕಿಂತ ಹೆಚ್ಚಿರುವುದು ಗ್ಲುಟಮಿನ್, ಲೀಟರಿಗೆ 500ರಿಂದ 700 ಮೈಕ್ರೊಮೋಲ್. ಅಲನಿನ್ 300ರಿಂದ 400, ವ್ಯಾಲಿನ್ 220ರ ಸುತ್ತಮುತ್ತ, ಲ್ಯೂಸಿನ್ 120, ಐಸೊಲ್ಯೂಸಿನ್ 60 ಮೈಕ್ರೊಮೋಲ್ ಆಸುಪಾಸು ಇರುತ್ತವೆ. ಕೊನೆಯ ಮೂರನ್ನು ಅವುಗಳ ಅಣುರಚನೆಯಿಂದಾಗಿ ಕವಲು ಸರಪಳಿಯ ಅಮೈನೊ ಆಮ್ಲಗಳು ಎನ್ನುತ್ತಾರೆ. ಈ ಮೂರನ್ನೂ ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಮಧುಮೇಹದ ಕಥೆಯಲ್ಲಿ ಇವುಗಳದ್ದೇ ಮುಖ್ಯ ಪಾತ್ರ.

ಅದಕ್ಕೆ ಕಾರಣ ಅವು ಹಿಡಿಯುವ ದಾರಿ. ಕರುಳಿನಿಂದ ಬಂದ ಬೇರೆ ಬಹುತೇಕ ಅಮೈನೊ ಆಮ್ಲಗಳನ್ನು ಯಕೃತ್ತು ಮೊದಲೇ ಹಿಡಿದು ಬಳಸಿಕೊಳ್ಳುತ್ತದೆ. ಕವಲು ಸರಪಳಿಯವುಗಳ ವಿಭಜನೆಗೆ ಬೇಕಾದ ಮೊದಲ ಕಿಣ್ವ ಯಕೃತ್ತಿನಲ್ಲಿ ತೀರ ಕಡಿಮೆ. ಹಾಗಾಗಿ ಅವು ಯಕೃತ್ತನ್ನು ದಾಟಿ ಸ್ನಾಯು, ಕೊಬ್ಬು, ಹೃದಯ, ಮೂತ್ರಪಿಂಡಗಳ ಕಡೆ ಸಾಗುತ್ತವೆ. ಪ್ರೋಟೀನ್ ಊಟದ ನಂತರ ಕರುಳು ಮತ್ತು ಯಕೃತ್ತಿನಿಂದ ಹೊರಬಂದು ದೇಹಕ್ಕೆ ಹಂಚಿಹೋಗುವ ಅಮೈನೊ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಮೂರರದ್ದೇ ಎಂದು ಸ್ಟಾಕ್‌ಹೋಮ್‌ನ ಜಾನ್ ವಾರೆನ್ ಮತ್ತು ಅಮೆರಿಕದ ಫಿಲಿಪ್ ಫೆಲಿಗ್ 1970ರ ದಶಕದಲ್ಲಿ ತೋರಿಸಿದರು. ಸ್ನಾಯುಗಳ ಮೇಲೆ ಇನ್ಸುಲಿನ್ನಿನ ಹಿಡಿತ ಎಷ್ಟಿದೆ ಎಂಬುದು ಇವುಗಳ ಮಟ್ಟದಲ್ಲಿ ಬೇಗ ಗೋಚರಿಸುವುದು ಇದೇ ಕಾರಣಕ್ಕೆ.

ಇನ್ಸುಲಿನ್ ಮಾಡುವ ಕೆಲಸ

ಇನ್ಸುಲಿನ್ ಮೂರು ಬಗೆಯಲ್ಲಿ ಅಮೈನೊ ಆಮ್ಲಗಳನ್ನು ಇಳಿಸುತ್ತದೆ. ಮೊದಲನೆಯದು ಪ್ರೋಟೀನ್ ಕರಗುವಿಕೆಗೆ ತಡೆ. ಸ್ನಾಯುಕೋಶದ ಹೊರಪೊರೆಯ ಗ್ರಾಹಕಕ್ಕೆ ಇನ್ಸುಲಿನ್ ಅಂಟಿಕೊಂಡಾಗ ಒಳಗೆ ಎಕೆಟಿ ಎಂಬ ಕಿಣ್ವ ಚುರುಕಾಗುತ್ತದೆ. ಅದು ಫಾಕ್ಸೊ ಎಂಬ ಪ್ರೋಟೀನನ್ನು ಕೋಶಕೇಂದ್ರದಿಂದ ಹೊರಗೆ ಕಳಿಸುತ್ತದೆ. ಫಾಕ್ಸೊ ಒಳಗಿದ್ದರೆ ಸ್ನಾಯುವಿನ ಪ್ರೋಟೀನ್ ಒಡೆಯುವ ಯಂತ್ರಾಂಗಕ್ಕೆ ಬೇಕಾದ ಜೀನುಗಳು ಎಚ್ಚರಗೊಳ್ಳುತ್ತವೆ, ಹೊರಗಿದ್ದರೆ ಅವು ಸುಮ್ಮನಿರುತ್ತವೆ. ಎರಡನೆಯದು ಸಾಗಾಟ. ಅಲನಿನ್‌ನಂಥ ಅಮೈನೊ ಆಮ್ಲಗಳನ್ನು ಒಳಗೆಳೆಯುವ ವಾಹಕಗಳನ್ನು ಇನ್ಸುಲಿನ್ ಹೆಚ್ಚಿಸುತ್ತದೆ. ಮೂರನೆಯದು ಕಟ್ಟುವ ಕೆಲಸ. ಎಂಟಾರ್ ಎಂಬ ಕಿಣ್ವಸಮೂಹದ ಮೂಲಕ ಅದು ಹೊಸ ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುತ್ತದೆ.

ಮನುಷ್ಯರಲ್ಲಿ ಈ ಮೂರರಲ್ಲಿ ಯಾವುದು ಮುಖ್ಯ? ರಾಬರ್ಟ್ ಗೆಲ್ಫಾಂಡ್ ಮತ್ತು ಯುಜೀನ್ ಬ್ಯಾರೆಟ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಅವರು ಆರೋಗ್ಯವಂತರ ಮುಂಗೈಗೆ ಹೋಗುವ ಅಪಧಮನಿಯ ರಕ್ತವನ್ನೂ ಮುಂಗೈಯಿಂದ ಮರಳುವ ಅಭಿಧಮನಿಯ ರಕ್ತವನ್ನೂ ಹೋಲಿಸಿ ನೋಡಿದರು. ಗುರುತುಹಾಕಿದ ಫಿನೈಲಲನಿನ್ ಅವರ ಅಳತೆಗೋಲು. ಈ ಅಮೈನೊ ಆಮ್ಲವನ್ನು ಸ್ನಾಯು ತಯಾರಿಸಲಾರದು, ಉರಿಸಲೂ ಆರದು. ಸ್ನಾಯುವಿನಿಂದ ಅದು ಹೊರಬಂದರೆ ಪ್ರೋಟೀನ್ ಕರಗಿದೆ ಎಂದೇ ಅರ್ಥ, ಒಳಗೆ ಉಳಿದರೆ ಪ್ರೋಟೀನ್ ಕಟ್ಟಿಕೊಂಡಿದೆ ಎಂದೇ ಅರ್ಥ. ಊಟದ ನಂತರ ಇರುವಷ್ಟು ಮಟ್ಟಕ್ಕೆ ಇನ್ಸುಲಿನ್ ಏರಿಸಿದಾಗ ಹೊರಬರುವುದು ಸ್ಪಷ್ಟವಾಗಿ ತಗ್ಗಿತು, ಕಟ್ಟುವ ವೇಗ ಹೆಚ್ಚಲಿಲ್ಲ. ಅಂದರೆ ಇನ್ಸುಲಿನ್ನಿನ ಮೊದಲ ಕೆಲಸ ಕಾವಲು. ಕಟ್ಟುವ ಕೆಲಸ ನಡೆಯಬೇಕಾದರೆ ಇನ್ಸುಲಿನ್ ಜೊತೆಗೆ ಅಮೈನೊ ಆಮ್ಲಗಳ ಸರಬರಾಜೂ ಬೇಕು. ಸ್ನಾಯು ನಮ್ಮ ದೇಹದ ಪ್ರೋಟೀನ್ ಕಣಜ ಎಂದುಕೊಂಡರೆ, ಇನ್ಸುಲಿನ್ ಅದರ ಬಾಗಿಲು ಹಾಕುತ್ತದೆ, ಕಾಳನ್ನು ಮಾತ್ರ ಊಟವೇ ತರಬೇಕು.

ಇನ್ಸುಲಿನ್ ಹರಿಸಿದಾಗ ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚು ಇಳಿಯುವುದು ಕವಲು ಸರಪಳಿಯ ಮೂರು, ಜೊತೆಗೆ ಟೈರೋಸಿನ್ ಮತ್ತು ಫಿನೈಲಲನಿನ್. ಅಲನಿನ್ ಅಷ್ಟಾಗಿ ಇಳಿಯುವುದಿಲ್ಲ. ಇನ್ಸುಲಿನ್ನಿನಿಂದ ಸ್ನಾಯು ಹೆಚ್ಚು ಗ್ಲೂಕೋಸ್ ಬಳಸಿದಂತೆ ಅದು ಒಡೆದಾಗ ಸಿಗುವ ಪೈರುವೇಟ್ ಹೆಚ್ಚುತ್ತದೆ, ಅದರಿಂದ ಹೊಸ ಅಲನಿನ್ ತಯಾರಾಗುತ್ತದೆ. ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಭರ್ತಿ.

ಉಪವಾಸದ ಪಾಠ

ಇನ್ಸುಲಿನ್ ತಾನಾಗಿಯೇ ಇಳಿಯುವ ಸಹಜ ಸ್ಥಿತಿ ಉಪವಾಸ. ಬಾಸ್ಟನ್‌ನಲ್ಲಿ ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಬೊಜ್ಜುಳ್ಳ ಸ್ವಯಂಸೇವಕರ ಐದಾರು ವಾರಗಳ ಉಪವಾಸವನ್ನು ಆಸ್ಪತ್ರೆಯಲ್ಲೇ ಅಧ್ಯಯನ ಮಾಡಿದರು. ಮೊದಲ ವಾರದಲ್ಲಿ ಕವಲು ಸರಪಳಿಯ ಅಮೈನೊ ಆಮ್ಲಗಳು ಏರಿ, ಆಮೇಲೆ ನಿಧಾನವಾಗಿ ಇಳಿದವು. ಅಲನಿನ್ ಮಾತ್ರ ಆರಂಭದಿಂದಲೇ ಇಳಿಯುತ್ತ ಹೋಯಿತು, ಎಲ್ಲಕ್ಕಿಂತ ಹೆಚ್ಚು ಇಳಿಯಿತು.

ಇದನ್ನು ಬಿಡಿಸಿ ಹೇಳುವುದು ಗ್ಲೂಕೋಸ್–ಅಲನಿನ್ ಚಕ್ರ. ಸ್ನಾಯುವಿನ ಪ್ರೋಟೀನಿನಲ್ಲಿ ಅಲನಿನ್ ಮತ್ತು ಗ್ಲುಟಮಿನ್‌ಗಳ ಪಾಲು ದೊಡ್ಡದಲ್ಲ. ಆದರೂ ಸ್ನಾಯು ರಕ್ತಕ್ಕೆ ಬಿಡುವ ಅಮೈನೊ ಆಮ್ಲಗಳಲ್ಲಿ ಅರ್ಧಕ್ಕೂ ಹೆಚ್ಚು ಇವೆರಡೇ. ಒಂದು ಲ್ಯೂಸಿನ್ ಅಣುವಿನ ಬೆನ್ನು ಹತ್ತಿದರೆ ಕಾರಣ ತಿಳಿಯುತ್ತದೆ. ಪ್ರೋಟೀನಿನಿಂದ ಬಿಡಿಸಿಕೊಂಡ ಲ್ಯೂಸಿನ್ ಸ್ನಾಯುವಿನೊಳಗೇ ತನ್ನ ಸಾರಜನಕದ ಗುಂಪನ್ನು ಬಿಟ್ಟುಕೊಡುತ್ತದೆ. ಆ ಗುಂಪು ಗ್ಲುಟಮೇಟ್ ಮೂಲಕ ಪೈರುವೇಟಿಗೆ ದಾಟುತ್ತದೆ, ಪೈರುವೇಟ್ ಅಲನಿನ್ ಆಗುತ್ತದೆ. ಅಲನಿನ್ ರಕ್ತದಲ್ಲಿ ಯಕೃತ್ತಿಗೆ ಸಾಗುತ್ತದೆ. ಅಲ್ಲಿ ಸಾರಜನಕ ಯೂರಿಯಾ ಆಗಿ ಮೂತ್ರದ ದಾರಿ ಹಿಡಿದರೆ, ಉಳಿದ ಇಂಗಾಲದ ಕಂಕಾಳ ಗ್ಲೂಕೋಸ್ ಆಗಿ ಮತ್ತೆ ರಕ್ತಕ್ಕೆ ಬರುತ್ತದೆ. ಫೆಲಿಗ್ ಮತ್ತು ಕಾಹಿಲ್ ತಂಡ 1970ರ ಸುಮಾರಿಗೆ ಈ ಚಕ್ರವನ್ನು ಮನುಷ್ಯರಲ್ಲಿ ವಿವರಿಸಿತು. ಮಧುಮೇಹದಲ್ಲಿ ಇದೇ ಚಕ್ರ ಲಗಾಮು ಕಳೆದುಕೊಳ್ಳುತ್ತದೆ.

ಅಮೈನೊ ಆಮ್ಲಗಳಿಂದ ಹಾರ್ಮೋನುಗಳಿಗೆ

ಹಾರ್ಮೋನುಗಳು ಅಮೈನೊ ಆಮ್ಲಗಳನ್ನು ಆಳುವಂತೆ ಅಮೈನೊ ಆಮ್ಲಗಳೂ ಹಾರ್ಮೋನುಗಳನ್ನು ಕರೆಸಿಕೊಳ್ಳುತ್ತವೆ. ಅರ್ಜಿನಿನ್ ಮತ್ತು ಲ್ಯೂಸಿನ್ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತವೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್, ಫಯಾನ್ಸ್ ಮತ್ತು ಕಾನ್ 1960ರ ದಶಕದಲ್ಲಿ ತೋರಿಸಿದರು. ಲ್ಯೂಸಿನ್ ಬೀಟಾ ಕೋಶದೊಳಗಿನ ಗ್ಲುಟಮೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಈ ಕಿಣ್ವ ಅತಿ ಚುರುಕಾಗುವ ಜೀನ್ ದೋಷವಿರುವ ಮಕ್ಕಳಲ್ಲಿ ಪ್ರೋಟೀನ್ ಊಟದ ನಂತರ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ.

ಪ್ರೋಟೀನ್ ಊಟ ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳು ಸ್ರವಿಸುವ ಗ್ಲುಕಗಾನ್ ಹಾರ್ಮೋನನ್ನೂ ಏರಿಸುತ್ತದೆ. ಸಕ್ಕರೆ ಇಲ್ಲದ ಮಾಂಸದೂಟ ಮಾಡಿದಾಗ ಇನ್ಸುಲಿನ್ ಒಂದೇ ಏರಿದರೆ ಸಕ್ಕರೆ ಕುಸಿಯುತ್ತಿತ್ತು. ಗ್ಲುಕಗಾನ್ ಯಕೃತ್ತಿನಿಂದ ಗ್ಲೂಕೋಸ್ ಬಿಡಿಸಿ ಅದನ್ನು ಸರಿದೂಗಿಸುತ್ತದೆ. ಜೊತೆಗೆ ಅದು ಯಕೃತ್ತಿನಲ್ಲಿ ಅಮೈನೊ ಆಮ್ಲಗಳ ವಿಭಜನೆಯನ್ನೂ ಯೂರಿಯಾ ತಯಾರಿಕೆಯನ್ನೂ ಹೆಚ್ಚಿಸುತ್ತದೆ. ಗ್ಲುಕಗಾನ್ ಗ್ರಾಹಕವನ್ನು ತಡೆದರೆ ರಕ್ತದ ಅಮೈನೊ ಆಮ್ಲಗಳು ಏರುತ್ತವೆ, ಅವು ಆಲ್ಫಾ ಕೋಶಗಳನ್ನು ಇನ್ನಷ್ಟು ಪ್ರಚೋದಿಸುತ್ತವೆ. ಯಕೃತ್ತು ಮತ್ತು ಆಲ್ಫಾ ಕೋಶಗಳ ನಡುವಿನ ಈ ಕೊಂಡಿ ಇತ್ತೀಚಿನ ವರ್ಷಗಳ ಮಹತ್ವದ ಸಂಶೋಧನಾ ಕ್ಷೇತ್ರ. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡವರಲ್ಲಿ ಗ್ಲುಕಗಾನ್ ಮಾತು ಯಕೃತ್ತಿಗೆ ಸರಿಯಾಗಿ ಕೇಳಿಸದೆ ಅಮೈನೊ ಆಮ್ಲಗಳೂ ಗ್ಲುಕಗಾನೂ ಎರಡೂ ಏರಿರುವುದು ಕಂಡುಬಂದಿದೆ.

ಒಂದನೇ ಬಗೆಯ ಮಧುಮೇಹ

ಬೀಟಾ ಕೋಶಗಳು ನಾಶವಾಗಿ ಇನ್ಸುಲಿನ್ ಇಲ್ಲವಾಗುವ ಈ ಕಾಯಿಲೆಯಲ್ಲಿ ಚಿತ್ರ ನಿಚ್ಚಳ. ಚುಚ್ಚುಮದ್ದು ನಿಂತ ಕೆಲವೇ ಗಂಟೆಗಳಲ್ಲಿ ಸ್ನಾಯುಗಳ ಪ್ರೋಟೀನ್ ಕರಗುವ ವೇಗ ಹೆಚ್ಚುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಏರತೊಡಗುತ್ತವೆ, ಇನ್ಸುಲಿನ್ ಕೊರತೆ ತೀವ್ರವಾದರೆ ಎರಡು ಪಟ್ಟು ಅಥವಾ ಅದಕ್ಕೂ ಮೇಲಕ್ಕೆ ಹೋಗಬಹುದು. ಅಲನಿನ್ ಮಾತ್ರ ಇಳಿಯುತ್ತದೆ. ಸ್ನಾಯು ಅದನ್ನು ಬಿಡುವುದು ಕಡಿಮೆಯಾಗಿರುವುದಿಲ್ಲ. ಯಕೃತ್ತು ಅದನ್ನು ಗ್ಲೂಕೋಸ್ ಮಾಡಲು ಆತುರದಿಂದ ಎಳೆದುಕೊಳ್ಳುತ್ತಿರುತ್ತದೆ. ವಾರೆನ್ ಮತ್ತು ಫೆಲಿಗ್ 1972ರಲ್ಲಿ ಯಕೃತ್ತಿನ ಅಭಿಧಮನಿಗೆ ಕೊಳವೆ ಹಾಕಿ ಇದನ್ನು ನೇರವಾಗಿ ಅಳೆದರು. ರೋಗಿ ಏನನ್ನೂ ತಿನ್ನದಿದ್ದರೂ ಸಕ್ಕರೆ ಏರುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಅವನದೇ ಸ್ನಾಯು ಅವನ ಸಕ್ಕರೆಯಾಗುತ್ತಿರುತ್ತದೆ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೆ. ಶ್ರೀಕುಮಾರನ್ ನಾಯರ್ ಸ್ಥಿರ ಇಂಗಾಲ-13ರಿಂದ ಗುರುತು ಹಾಕಿದ ಲ್ಯೂಸಿನ್ ಬಳಸಿ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇನ್ಸುಲಿನ್ ನಿಲ್ಲಿಸಿದಾಗ ಪ್ರೋಟೀನ್ ಕರಗುವುದೂ ಲ್ಯೂಸಿನ್ ಉರಿಯುವುದೂ ಹೆಚ್ಚಿದವು. ಕರುಳು ಮತ್ತು ಯಕೃತ್ತಿನ ಭಾಗದಲ್ಲಿ ಪ್ರೋಟೀನ್ ತಯಾರಿಕೆ ಮಾತ್ರ ತುಸು ಹೆಚ್ಚೇ ಆಯಿತು. ನಷ್ಟದ ಹೊರೆಯೆಲ್ಲ ಸ್ನಾಯುವಿನ ಮೇಲೆ ಬೀಳುತ್ತದೆ ಎಂಬುದು ಇದರಿಂದ ಖಚಿತವಾಯಿತು. ಇನ್ಸುಲಿನ್ ಮತ್ತೆ ಕೊಟ್ಟರೆ ಮಟ್ಟಗಳು ಗಂಟೆಗಳಲ್ಲೇ ಇಳಿಯುತ್ತವೆ. ಆದರೆ ಚರ್ಮದಡಿ ಚುಚ್ಚುವ ಇನ್ಸುಲಿನ್ ಊಟದ ಹೊತ್ತಿಗೆ ಸರಿಹೊಂದದಿದ್ದರೆ ಪ್ರೋಟೀನ್ ಊಟದ ನಂತರ ಕವಲು ಸರಪಳಿಯ ಅಮೈನೊ ಆಮ್ಲಗಳು ಹೆಚ್ಚು ಹೊತ್ತು ಎತ್ತರದಲ್ಲೇ ಉಳಿಯುತ್ತವೆ.

ಬೊಜ್ಜು ಮತ್ತು ಎರಡನೇ ಬಗೆಯ ಮಧುಮೇಹ

1969ರಲ್ಲಿ ಫೆಲಿಗ್, ಎರಲ್ ಮಾರ್ಲಿಸ್ ಮತ್ತು ಕಾಹಿಲ್ ಬೊಜ್ಜುಳ್ಳವರ ರಕ್ತವನ್ನು ಪರೀಕ್ಷಿಸಿದಾಗ ಕವಲು ಸರಪಳಿಯ ಅಮೈನೊ ಆಮ್ಲಗಳು, ಟೈರೋಸಿನ್, ಫಿನೈಲಲನಿನ್ ಹೆಚ್ಚಿದ್ದವು, ಗ್ಲೈಸಿನ್ ಕಡಿಮೆಯಿತ್ತು. ಅವರಲ್ಲಿ ಇನ್ಸುಲಿನ್ ಕೊರತೆ ಇರಲಿಲ್ಲ, ಅದರ ಮಟ್ಟ ಹೆಚ್ಚೇ ಇತ್ತು. ಇನ್ಸುಲಿನ್ ಇದ್ದೂ ಕೆಲಸ ಮಾಡದ ಸ್ಥಿತಿಗೆ, ಅಂದರೆ ಇನ್ಸುಲಿನ್ ಪ್ರತಿರೋಧಕ್ಕೆ, ಅಮೈನೊ ಆಮ್ಲಗಳ ಕಡೆಯಿಂದ ಸಿಕ್ಕ ಆರಂಭದ ಪುರಾವೆಗಳಲ್ಲಿ ಇದು ಮುಖ್ಯವಾದುದು.

ಎರಡನೇ ಬಗೆಯ ಮಧುಮೇಹಿಗಳಲ್ಲಿ ಸ್ನಾಯು ಒಂದೇ ಸಮನೆ ಕರಗಿಹೋಗುವುದಿಲ್ಲ. ಪ್ರೋಟೀನ್ ಕರಗುವುದನ್ನು ತಡೆಯಲು ಬೇಕಾಗುವ ಇನ್ಸುಲಿನ್, ಸ್ನಾಯುವಿಗೆ ಸಕ್ಕರೆ ಸೇರಿಸಲು ಬೇಕಾಗುವುದಕ್ಕಿಂತ ಕಡಿಮೆ. ಹಾಗಿದ್ದರೆ ಕವಲು ಸರಪಳಿಯವು ಏರುವುದೇಕೆ? ಹೆಚ್ಚಿನ ಹೊಣೆ ವಿಭಜನೆಯ ದಾರಿ ಕಟ್ಟಿಕೊಳ್ಳುವುದರ ಮೇಲಿದೆ. ಅವುಗಳ ವಿಭಜನೆಯ ನಿರ್ಣಾಯಕ ಹಂತದ ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿದರೆ ಅದು ನಿಲ್ಲುತ್ತದೆ, ತೆಗೆದರೆ ನಡೆಯುತ್ತದೆ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧದಲ್ಲಿ ಯಕೃತ್ತಿನಲ್ಲೂ ಕೊಬ್ಬಿನ ಅಂಗಾಂಶದಲ್ಲೂ ಈ ಕಿಣ್ವ ಮಂದವಾಗಿರುತ್ತದೆ. ಕರುಳಿನ ಸೂಕ್ಷ್ಮಾಣುಗಳೂ ಕೈಜೋಡಿಸುತ್ತವೆ. ಪ್ರಿವೊಟೆಲ್ಲಾ ಕಾಪ್ರಿಯಂಥ ಬ್ಯಾಕ್ಟೀರಿಯಾಗಳು ಕವಲು ಸರಪಳಿಯ ಅಮೈನೊ ಆಮ್ಲಗಳನ್ನು ತಯಾರಿಸುವುದಕ್ಕೂ ಇನ್ಸುಲಿನ್ ಪ್ರತಿರೋಧಕ್ಕೂ ನಂಟಿದೆ ಎಂದು 2016ರ ಡೆನ್ಮಾರ್ಕ್ ಅಧ್ಯಯನವೊಂದು ತೋರಿಸಿತು.

ಮುನ್ಸೂಚನೆ

ಈ ಏರಿಕೆ ಕಾಯಿಲೆಗಿಂತ ಮೊದಲೇ ಕಾಣಿಸಿಕೊಳ್ಳುತ್ತದೆ ಎಂಬುದು 2011ರ ದೊಡ್ಡ ಸುದ್ದಿ. ಥಾಮಸ್ ವಾಂಗ್, ರಾಬರ್ಟ್ ಗರ್ಸ್‌ಟನ್ ಮತ್ತು ಸಂಗಡಿಗರು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಎರಡನೇ ಪೀಳಿಗೆಯ 2,422 ಮಂದಿಯನ್ನು ಆಧಾರವಾಗಿಟ್ಟುಕೊಂಡರು. ಆರಂಭದಲ್ಲಿ ಎಲ್ಲರ ಸಕ್ಕರೆಯೂ ಮಧುಮೇಹದ ಮಟ್ಟಕ್ಕಿಂತ ಕೆಳಗೇ ಇತ್ತು. 12 ವರ್ಷಗಳಲ್ಲಿ 201 ಜನರಿಗೆ ಮಧುಮೇಹ ಬಂತು. ಹಾಗೆ ಕಾಯಿಲೆ ಬಂದವರ ಹಳೆಯ ರಕ್ತದ ಮಾದರಿಗಳನ್ನು ಅದೇ ವಯಸ್ಸು, ಅದೇ ಮೈಕಟ್ಟು, ಅಷ್ಟೇ ಸಕ್ಕರೆ ಇದ್ದೂ ಕಾಯಿಲೆ ಬಾರದವರ ಮಾದರಿಗಳೊಡನೆ ಹೋಲಿಸಿದಾಗ ಐದು ಅಮೈನೊ ಆಮ್ಲಗಳು ಎದ್ದು ಕಂಡವು. ಅವು ಐಸೊಲ್ಯೂಸಿನ್, ಲ್ಯೂಸಿನ್, ವ್ಯಾಲಿನ್, ಟೈರೋಸಿನ್, ಫಿನೈಲಲನಿನ್. ಇವುಗಳಲ್ಲಿ ಮೂರರ ಒಟ್ಟು ಅಂಕ ಅತಿ ಹೆಚ್ಚಿದ್ದ ಗುಂಪಿಗೆ ಅತಿ ಕಡಿಮೆ ಇದ್ದ ಗುಂಪಿಗಿಂತ ಐದು ಪಟ್ಟು ಹೆಚ್ಚು ಅಪಾಯವಿತ್ತು. ಸ್ವೀಡನ್ನಿನ ಮಾಲ್ಮೊ ಅಧ್ಯಯನದಲ್ಲೂ ಇದು ದೃಢಪಟ್ಟಿತು.

ಕಾರಣವೋ, ಪರಿಣಾಮವೋ?

ಏರಿದ ಅಮೈನೊ ಆಮ್ಲಗಳು ಮಧುಮೇಹ ತರುತ್ತವೆಯೋ ಅಥವಾ ಬರಲಿರುವ ಮಧುಮೇಹದ ಗುರುತಷ್ಟೋ ಎಂಬುದು ಈ ಕ್ಷೇತ್ರದ ಜೀವಂತ ಪ್ರಶ್ನೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ನ್ಯೂಗಾರ್ಡ್ ತಂಡ 2009ರಲ್ಲಿ, ಕೊಬ್ಬಿನ ಆಹಾರದ ಜೊತೆ ಕವಲು ಸರಪಳಿಯ ಅಮೈನೊ ಆಮ್ಲಗಳನ್ನೂ ತಿಂದ ಇಲಿಗಳು ಕಡಿಮೆ ತಿಂದರೂ ಇನ್ಸುಲಿನ್ ಪ್ರತಿರೋಧಕ್ಕೆ ಒಳಗಾದವು ಎಂದು ವರದಿ ಮಾಡಿತು. ವ್ಯಾಲಿನ್ ಒಡೆದಾಗ ಸಿಗುವ 3-ಹೈಡ್ರಾಕ್ಸಿ ಐಸೊಬ್ಯುಟಿರೇಟ್ ರಕ್ತನಾಳದಿಂದ ಸ್ನಾಯುವಿಗೆ ಕೊಬ್ಬು ಸಾಗುವುದನ್ನು ಹೆಚ್ಚಿಸುತ್ತದೆ ಎಂದು 2016ರಲ್ಲಿ ತಿಳಿಯಿತು. ಅದೇ ವರ್ಷ ಪ್ರಕಟವಾದ ದೊಡ್ಡ ಜೀನ್ ಅಧ್ಯಯನವೊಂದು, ಹುಟ್ಟಿನಿಂದಲೇ ಇವುಗಳ ಮಟ್ಟ ಹೆಚ್ಚಿಸುವ ಜೀನ್ ಭೇದಗಳಿರುವವರಿಗೆ ಎರಡನೇ ಬಗೆಯ ಮಧುಮೇಹದ ಅಪಾಯವೂ ಹೆಚ್ಚು ಎಂದಿತು.

ಎದುರು ಸಾಕ್ಷಿಯೂ ಬಲವಾಗಿದೆ. ಇನ್ಸುಲಿನ್ ಪ್ರತಿರೋಧ ತರುವ ಜೀನ್ ಭೇದಗಳೇ ಕವಲು ಸರಪಳಿಯ ಅಮೈನೊ ಆಮ್ಲಗಳನ್ನು ಏರಿಸುತ್ತವೆ ಎಂದು 2017ರ ಇನ್ನೊಂದು ಜೀನ್ ಅಧ್ಯಯನ ತೋರಿಸಿತು. ಮೇಪಲ್ ಸಿರಪ್ ಮೂತ್ರ ರೋಗ ಎಂಬ ಅಪರೂಪದ ಹುಟ್ಟುಕಾಯಿಲೆಯಲ್ಲಿ ಇವುಗಳ ಮಟ್ಟ ಅನೇಕ ಪಟ್ಟು ಏರಿದರೂ ಮಧುಮೇಹ ಅದರ ಲಕ್ಷಣವಲ್ಲ. ಎರಡನ್ನೂ ಕೂಡಿಸಿ ನೋಡಿದರೆ ಇದು ಎರಡೂ ದಿಕ್ಕಿಗೆ ತಿರುಗುವ ಚಕ್ರದಂತೆ ತೋರುತ್ತದೆ. ಇನ್ಸುಲಿನ್ ಪ್ರತಿರೋಧ ಅವುಗಳ ವಿಭಜನೆಯನ್ನು ಮಂದಗೊಳಿಸುತ್ತದೆ, ಕಟ್ಟಿಕೊಂಡ ಅಮೈನೊ ಆಮ್ಲಗಳು ಮತ್ತು ಅವುಗಳ ತುಣುಕುಗಳು ಪ್ರತಿರೋಧವನ್ನು ಹೆಚ್ಚಿಸುತ್ತವೆ.

ಭಾರತೀಯರ ಸಂದರ್ಭ

ಭಾರತದಲ್ಲಿ 10.1 ಕೋಟಿ ಮಧುಮೇಹಿಗಳೂ 13.6 ಕೋಟಿ ಮಧುಮೇಹಪೂರ್ವ ಸ್ಥಿತಿಯವರೂ ಇದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ಹೊರನೋಟಕ್ಕೆ ತೆಳ್ಳಗಿದ್ದೂ ಕಡಿಮೆ ಸ್ನಾಯು, ಹೆಚ್ಚು ಕೊಬ್ಬು ಹೊತ್ತ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಲಂಡನ್ನಿನ ಸೇಬರ್ ಅಧ್ಯಯನ ದಕ್ಷಿಣ ಏಷ್ಯಾ ಮೂಲದ ಮತ್ತು ಯುರೋಪ್ ಮೂಲದ ಪುರುಷರನ್ನು 19 ವರ್ಷ ಹಿಂಬಾಲಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನಮ್ಮ ಗಮನಕ್ಕೆ ಅರ್ಹ. ದಕ್ಷಿಣ ಏಷ್ಯಾದವರಲ್ಲಿ ಅಮೈನೊ ಆಮ್ಲಗಳು, ವಿಶೇಷವಾಗಿ ಟೈರೋಸಿನ್, ಮುಂದೆ ಬರುವ ಮಧುಮೇಹದೊಡನೆ ಹೆಚ್ಚು ಬಲವಾಗಿ ಬೆಸೆದುಕೊಂಡಿದ್ದವು.

ಇದನ್ನು ಕೇಳಿ ಬೇಳೆಕಾಳು, ಮೊಸರು, ಮೊಟ್ಟೆ ಬಿಡಬೇಕೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಗುರುತುಹಾಕಿದ ಲ್ಯೂಸಿನ್ ಬಳಸಿ ಭಾರತೀಯರ ಅಮೈನೊ ಆಮ್ಲಗಳ ಅಗತ್ಯವನ್ನು ಅಳೆದಿದ್ದಾರೆ. ಲೈಸಿನ್ ಎಂಬ ಅಮೈನೊ ಆಮ್ಲದ ಅಗತ್ಯ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 30 ಮಿ.ಗ್ರಾಂ ಸುತ್ತಮುತ್ತ ಎಂದು ಅವರ ಕೆಲಸ ತೋರಿತು. 1985ರ ಅಂತರರಾಷ್ಟ್ರೀಯ ಅಂದಾಜು 12 ಮಿ.ಗ್ರಾಂ ಇತ್ತು. 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ 30 ಮಿ.ಗ್ರಾಂ ಎಂದೇ ನಿಗದಿಪಡಿಸಿತು. ಅನ್ನ, ರಾಗಿ, ಜೋಳಗಳಲ್ಲಿ ಲೈಸಿನ್ ಕಡಿಮೆ. ಬೇಳೆ ಆ ಕೊರತೆ ತುಂಬುತ್ತದೆ. ತಟ್ಟೆಯಲ್ಲಿ ಅನ್ನವೋ ಮುದ್ದೆಯೋ ರಾಶಿಯಾಗಿದ್ದು ಸಾರಿನಲ್ಲಿ ಬೇಳೆ ತಳಕ್ಕಿಳಿದಿದ್ದರೆ, ಮಧುಮೇಹಿಗೆ ಸಕ್ಕರೆಯೂ ಏರುತ್ತದೆ, ಸ್ನಾಯುವೂ ಸೊರಗುತ್ತದೆ.

ಚಿಕಿತ್ಸೆ ಮತ್ತು ಬಳಕೆ

ಮಧುಮೇಹದ ಪತ್ತೆಗೂ ನಿಗಾವಣೆಗೂ ಇಂದಿಗೂ ಗ್ಲೂಕೋಸ್ ಮತ್ತು ಎಚ್‌ಬಿಎ1ಸಿ ಪರೀಕ್ಷೆಗಳೇ ಆಧಾರ. ಅಮೈನೊ ಆಮ್ಲಗಳ ಅಳತೆ ಸಂಶೋಧನೆಯ ಸಾಧನವಾಗಿ ಉಳಿದಿದೆ. ಆದರೆ ಚಿಕಿತ್ಸೆ ಫಲಿಸಿದಾಗ ಅವೂ ಸರಿಹೋಗುತ್ತವೆ. ತೂಕ ಇಳಿದರೆ ಕವಲು ಸರಪಳಿಯ ಅಮೈನೊ ಆಮ್ಲಗಳು ಇಳಿಯುತ್ತವೆ. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರ ಈ ಇಳಿಕೆ, ಪಥ್ಯದಿಂದ ಅಷ್ಟೇ ತೂಕ ಇಳಿಸಿದವರಿಗಿಂತ ಹೆಚ್ಚು ಎಂದು 2011ರಲ್ಲಿ ವರದಿಯಾಯಿತು. ಯೂರಿಯಾ ಚಕ್ರದ ಹುಟ್ಟುದೋಷಗಳಿಗೆ ಬಳಸುವ ಸೋಡಿಯಂ ಫಿನೈಲ್‌ಬ್ಯುಟಿರೇಟ್ ಕವಲು ಸರಪಳಿಯವುಗಳ ವಿಭಜನೆಯನ್ನು ಚುರುಕುಗೊಳಿಸುತ್ತದೆ. ಎರಡನೇ ಬಗೆಯ ಮಧುಮೇಹಿಗಳ ಸಣ್ಣ ಗುಂಪಿನಲ್ಲಿ ಎರಡು ವಾರ ಅದನ್ನು ಕೊಟ್ಟಾಗ ಸ್ನಾಯುಗಳಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು ಎಂದು 2022ರಲ್ಲಿ ನೆದರ್‌ಲ್ಯಾಂಡ್ಸ್ ತಂಡವೊಂದು ಪ್ರಕಟಿಸಿತು. ಅದು ಇನ್ನೂ ಮಧುಮೇಹದ ಮದ್ದಾಗಿಲ್ಲ.

ರೋಗಿಗೂ ವೈದ್ಯರಿಗೂ ಇದರಿಂದ ಸಿಗುವ ಪಾಠ ನೇರವಾದುದು. ಇನ್ಸುಲಿನ್ ಬೇಕಾದವರಿಗೆ ಅದನ್ನು ಹೊತ್ತಿಗೆ ಸರಿಯಾಗಿ, ಸಾಕಷ್ಟು ಕೊಡುವುದರಿಂದ ಸಕ್ಕರೆಯ ಜೊತೆ ಸ್ನಾಯುವೂ ಉಳಿಯುತ್ತದೆ. ಇನ್ಸುಲಿನ್ ಪ್ರತಿರೋಧ ಇರುವವರಿಗೆ ಕೊಬ್ಬು ಇಳಿಸಿ ಸ್ನಾಯು ಉಳಿಸುವ ನಡಿಗೆ, ದೈಹಿಕ ದುಡಿಮೆ, ಹದವಾದ ಪ್ರೋಟೀನ್ ಊಟ ಮುಖ್ಯ. ಮಧುಮೇಹಿಯ ತೂಕ ಕಾರಣವಿಲ್ಲದೆ ಇಳಿಯುತ್ತಿದ್ದರೆ, ತೊಡೆ ತೋಳು ಸೊರಗುತ್ತಿದ್ದರೆ, ಸಕ್ಕರೆಯ ಅಂಕಿ ಏನೇ ಹೇಳಲಿ, ಇನ್ಸುಲಿನ್ ಸಾಲುತ್ತಿದೆಯೇ ಎಂದು ಕೂಡಲೇ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು.